ಯಾರು ಚೆನ್ನಾಗಿ ಮಾತನಾಡಿದರು?

ಟೆಲಿವಿಷನ್ನಿನಲ್ಲಿ ರಾಜಕೀಯದ ವಾದವೊಂದು ನಡೆದ ಮರುದಿನ ನಮ್ಮ ಕಾಲೇಜಿನ ಬೇವಿನ ಗಿಡದ ಕೆಳಗೆ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಯಾರು ಚೆನ್ನಾಗಿ ಮಾತನಾಡಿದರು?" ಉತ್ತರಕ್ಕಾಗಿ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಒಬ್ಬನು "ನಮ್ಮವರು ಎದುರಿನವರ ಬಾಯಿ ಕಟ್ಟಿಬಿಟ್ಟರು" ಎನ್ನುತ್ತಾನೆ. ಇನ್ನೊಬ್ಬನು "ನಿಮ್ಮವರ ಮೋರೆ ನೋಡಿದಿರೇನು? ಬೆವರು ಒರೆಸಿಕೊಳ್ಳುವುದೇ ಆಯಿತು" ಎನ್ನುತ್ತಾನೆ. ಗಂಟೆ ಬಾರಿಸುವಷ್ಟರಲ್ಲಿ ತೀರ್ಪು ಮುಗಿದಿರುತ್ತದೆ. ಕೇಳಿದ ಪ್ರಶ್ನೆ ಯಾವುದು, ಅದಕ್ಕೆ ಬಂದ ಉತ್ತರವೇನು ಎಂಬುದು ಮಾತ್ರ ಒಬ್ಬರಿಗೂ ನೆನಪಿರುವುದಿಲ್ಲ. ನಾನೂ ಈ ಗುಂಪಿನವನೇ. ಅಷ್ಟೇ ಅಲ್ಲ, ಹೀಗೆ ಆತುರದ ತೀರ್ಪು ಕೊಟ್ಟು ಒಬ್ಬರಿಗೆ ಅನ್ಯಾಯ ಮಾಡಿದವನು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯಹೊರಟಿದ್ದೇನೆ.

ನನ್ನ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ, ಕೆಂಪು ಬಾಳೆಗೆ ಹೆಸರಾದ ಊರು. 2019ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಮಂಡಿಸಿದ ವಿಶ್ವಾಸಮತದ ಗೊತ್ತುವಳಿಯ ಮೇಲೆ ಚರ್ಚೆ ನಡೆಯಿತು. 18ರಂದು ಆರಂಭವಾದ ಅದು 19, 22 ಮತ್ತು 23ರವರೆಗೂ ಮುಂದುವರಿಯಿತು. ಎಲ್ಲವನ್ನೂ ಟೆಲಿವಿಷನ್ನಿನಲ್ಲಿ ಆಗಿಂದಾಗ್ಗೆ ತೋರಿಸುತ್ತಿದ್ದರು. ನಾನಾಗ ಒಂಬತ್ತನೆಯ ತರಗತಿಯ ಹುಡುಗ. ಶಾಲೆಯಿಂದ ಬಂದೊಡನೆ ಚೀಲ ಬಿಸಾಡಿ ಪೆಟ್ಟಿಗೆಯ ಮುಂದೆ ಕುಳಿತುಬಿಡುತ್ತಿದ್ದೆ.

ನಮ್ಮ ಅಪ್ಪ ಒಂದು ಕಡೆ, ಕಾಕಾ ಇನ್ನೊಂದು ಕಡೆ. ಆಡಳಿತ ಪಕ್ಷದವರು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ವಿರೋಧ ಪಕ್ಷದವರು ಬಹುಮಟ್ಟಿಗೆ ಮೌನವಾಗಿದ್ದು "ಮತಕ್ಕೆ ಹಾಕಿ" ಎಂದೇ ಪಟ್ಟು ಹಿಡಿದಿದ್ದರು. ಅಪ್ಪನ ಪ್ರಕಾರ ಮಾತನಾಡಿದವರೇ ಗೆದ್ದರು. ಎದುರಿನವರಿಗೆ ಆಡುವುದಕ್ಕೆ ಮಾತೇ ಇರಲಿಲ್ಲ. ಕಾಕಾನ ಪ್ರಕಾರ ಸುಮ್ಮನಿದ್ದವರೇ ಜಾಣರು. ಕಡೆಗೆ ಲೆಕ್ಕಕ್ಕೆ ಬರುವುದು ತಲೆಗಳೇ ಹೊರತು ನಾಲಗೆಗಳಲ್ಲ. 23ರ ಸಾಯಂಕಾಲ ಲೆಕ್ಕವಾಯಿತು: ಪರವಾಗಿ 99, ವಿರೋಧವಾಗಿ 105. ಸರ್ಕಾರ ಬಿದ್ದಿತು. ನಮ್ಮ ಮನೆಯ ಜಗಳ ಮಾತ್ರ ನಿಲ್ಲಲಿಲ್ಲ.

ಪಡಸಾಲೆಯ ಮಂಚದ ಮೇಲೆ ನಮ್ಮ ಮುತ್ಯಾ ಮಲಗಿದ್ದ. ಎರಡೂ ಕಣ್ಣಿಗೆ ಪೊರೆ ಬಂದು ಅವನಿಗೆ ಚಿತ್ರ ಕಾಣಿಸುತ್ತಿರಲಿಲ್ಲ. ನಾಲ್ಕು ದಿನವೂ ಬರಿಯ ಮಾತು ಕೇಳಿದ್ದ. ತೀರ್ಪು ಹೇಳೆಂದು ಅಪ್ಪ, ಕಾಕಾ ಇಬ್ಬರೂ ಅವನ ಬಳಿಗೆ ಹೋದರು. ಮುತ್ಯಾ ಹೇಳಿದ: "ಇವರು ಕೇಳಿದ್ದು, 'ನಮ್ಮ ಮಂದಿನ ಯಾರು ಒಡದ್ರು, ಯಾಕ ಒಡದ್ರು' ಅಂತ. ಅದಕ್ಕ ಅವರು ಜವಾಬ ಕೊಡಲಿಲ್ಲ. ಅವರು ಕೇಳಿದ್ದು, 'ನಿಮ್ಮ ಹಂತ್ಯಾಕ ಮಂದಿ ಎಷ್ಟ ಅದಾರ' ಅಂತ. ಅದಕ್ಕ ಇವರು ಜವಾಬ ಕೊಡಲಿಲ್ಲ. ಗೆದ್ದವರು ಯಾರ್ ಅಂತ ಮತ್ತ ನನಗ್ಯಾಕ ಕೇಳ್ತೀರಿ?"

ಅಂದು ಅದು ನನಗೆ ಮುದುಕರ ಸಿಡುಕೆಂದು ತೋರಿತು. ಕಾಲೇಜಿಗೆ ಬಂದು ರಾಜ್ಯಶಾಸ್ತ್ರ ಓದತೊಡಗಿದ ಮೇಲೆ ತಿಳಿಯಿತು, ಇದೇ ವಿಚಾರದ ಮೇಲೆ ದೊಡ್ಡ ದೇಶಗಳ ವಿದ್ವಾಂಸರೂ ತಲೆ ಕೆಡಿಸಿಕೊಂಡಿದ್ದಾರೆಂದು. 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ಟೆಲಿವಿಷನ್ನಿನ ಮುಂದೆ ಎದುರುಬದುರಾಗಿ ನಿಂತರು. ನಿಕ್ಸನ್ನರು ಮೊಣಕಾಲಿನ ಬೇನೆಯಿಂದ ಆಸ್ಪತ್ರೆಯಲ್ಲಿದ್ದು ಬಂದವರು, ಮುಖ ಕಳೆಗುಂದಿತ್ತು. ಕೆನಡಿಯವರು ಬಿಸಿಲಿಗೆ ಮೈ ಕಾಯಿಸಿಕೊಂಡು ಲವಲವಿಕೆಯಿಂದ ಬಂದಿದ್ದರು. ಕಣ್ಣಾರೆ ಕಂಡವರು ಕೆನಡಿ ಗೆದ್ದರೆಂದೂ, ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದೂ ಹೇಳಿದರೆಂಬ ಕಥೆ ಅಂದಿನಿಂದ ಪ್ರಚಾರದಲ್ಲಿದೆ. ಈ ಕಥೆಯ ಆಧಾರ ತೆಳುವಾದುದೆಂದು ಆಕ್ಷೇಪಿಸಿದವರೂ ಉಂಟು. ಆದರೆ ಜೇಮ್ಸ್ ಡ್ರಕ್‌ಮನ್ ಎಂಬ ವಿದ್ವಾಂಸರು ಅದೇ ವಾದವನ್ನು ಒಂದು ಗುಂಪಿಗೆ ತೋರಿಸಿ, ಇನ್ನೊಂದು ಗುಂಪಿಗೆ ಬರಿಯ ಧ್ವನಿಯನ್ನು ಕೇಳಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಕೇಳಿದವರಿಗಿಂತ ಕಂಡವರಲ್ಲಿಯೇ ಕೆನಡಿ ಗೆದ್ದರೆಂದವರು ಹೆಚ್ಚು. ಅಂದರೆ ನಮ್ಮ ತೀರ್ಪಿನಲ್ಲಿ ಕಿವಿಗೆ ತಿಳಿಯದಂತೆ ಕಣ್ಣೂ ಒಂದು ಮತ ಹಾಕುತ್ತದೆ. ಮುತ್ಯಾನ ಕಣ್ಣು ಅಂದು ಮತ ಹಾಕಲಾರದೆ ಹೋಗಿತ್ತು, ಅಷ್ಟೆ.

ಹಾಗಾದರೆ ಗೆಲುವೆಂದರೇನು? ಇದನ್ನು ತೂಗುವಾಗ 1996ರ ಮೇ ತಿಂಗಳನ್ನು ನೆನೆಯಬಹುದು. ನಮ್ಮ ಅಧ್ಯಾಪಕರಲ್ಲಿ ಅನೇಕರು ಅದನ್ನು ದೂರದರ್ಶನದಲ್ಲಿ ನೋಡಿಯೇ ಇರುತ್ತಾರೆ. ವಾಜಪೇಯಿಯವರ ಸರ್ಕಾರ ಹದಿಮೂರು ದಿನವಷ್ಟೇ ಇತ್ತು. ಲೋಕಸಭೆಯಲ್ಲಿ ಎರಡು ದಿನ ಚರ್ಚೆಯಾಯಿತು. ಮತ ಎಣಿಸುವ ಮೊದಲೇ, 28ರಂದು, ಅವರು ರಾಜೀನಾಮೆ ಕೊಡಲು ಹೊರಟರು. ಅಂದು ಅವರಾಡಿದ ಮಾತನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಆದರೆ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದವರು ನಮ್ಮ ದೇವೇಗೌಡರು. ವಾಗ್ಮಿಯೆಂದು ಅವರನ್ನು ಯಾರೂ ಹೊಗಳಿದವರಲ್ಲ. ಮಾತಿನ ಗೆಲುವು ಒಂದು, ಸಂಖ್ಯೆಯ ಗೆಲುವು ಇನ್ನೊಂದು, ಒಳ್ಳೆಯ ಆಡಳಿತವೆಂಬುದು ಇವೆರಡಕ್ಕೂ ಬೇರೆಯಾದ ಮೂರನೆಯದು. ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುವುದರಿಂದಲೇ ನಮ್ಮ ಗೊಂದಲ ಹುಟ್ಟುವುದು.

ಮಾತಿನ ಗೆಲುವನ್ನಷ್ಟೇ ಅಳೆಯುವುದಾದರೂ ಅಳತೆಗೋಲು ಬೇಕಷ್ಟೆ. ಅದಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಜಿಲ್ಲೆಯ ಮರತೂರಿನವನೆಂದು ಪ್ರತೀತಿಯಿದೆ. ಅಂತಹ ಶಾಸ್ತ್ರಕಾರರ ಕ್ರಮವೇನೆಂದರೆ, ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ತಾವೇ ಮುಂದಿಟ್ಟು, ಅನಂತರ ಸಿದ್ಧಾಂತವನ್ನು ಹೇಳುವುದು. ಈ ಕ್ರಮವನ್ನೂ ಮುತ್ಯಾನ ಮಾತನ್ನೂ ಕೂಡಿಸಿ ನಾನು ಮೂರು ಪ್ರಶ್ನೆಗಳನ್ನು ಮಾಡಿಕೊಂಡಿದ್ದೇನೆ. ಕೇಳಿದ ಪ್ರಶ್ನೆಗೆ ಉತ್ತರ ಬಂತೇ? ಎದುರಿನವರ ಮಾತನ್ನು ತಿರುಚದೆ, ಇದ್ದ ಹಾಗೆ ಹೇಳಿ ಅದಕ್ಕೆ ಪ್ರತಿ ನುಡಿದರೇ? ನಾಳೆ ನಾವು ಪರೀಕ್ಷಿಸಿ ನೋಡಬಹುದಾದ ಒಂದು ಅಂಕಿಯನ್ನೋ, ಒಂದು ವಚನವನ್ನೋ ಕೊಟ್ಟರೇ? ಕಲಬುರಗಿಯ ಗಂಜಿನಲ್ಲಿ ತೊಗರಿ ಕೊಳ್ಳುವವನು ಚೀಲದ ಹೊಲಿಗೆ ನೋಡಿ ದರ ಹೇಳುವುದಿಲ್ಲ. ಒಳಗೆ ಕೈಹಾಕಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾನೆ. ಮತ ಕೊಡುವವನಿಗೆ ಅಷ್ಟೂ ಎಚ್ಚರ ಬೇಡವೇ?

ಇಲ್ಲಿ ಒಂದು ಆಕ್ಷೇಪಣೆಯುಂಟು. ನಾಯಕನ ಮುಖಭಾವವೂ ಧೈರ್ಯವೂ ನೋಡತಕ್ಕ ವಿಷಯಗಳಲ್ಲವೇ? ಕೆಣಕಿದಾಗ ಸಿಟ್ಟಿಗೇಳುವವನನ್ನೂ ಶಾಂತನಾಗಿರುವವನನ್ನೂ ಬೇರೆಮಾಡಿ ತೋರಿಸುವುದು ಟೆಲಿವಿಷನ್ನೇ ಅಲ್ಲವೇ? ಒಪ್ಪುತ್ತೇನೆ. ಎದುರಾಳಿಯ ಮಾತು ಮುಗಿಯುವ ಮೊದಲೇ ಕೂಗಾಡುವವನ ಗುಣ ನಮಗೆ ತಿಳಿಯಲೇಬೇಕು. ಆದರೆ ಉತ್ತರವನ್ನು ಮೊದಲು ತೂಗಿ, ನಡತೆಯನ್ನು ಅನಂತರ ತೂಗಬೇಕು. ನಾವು ಮಾಡುತ್ತಿರುವುದು ಅದಕ್ಕೆ ತಿರುಗುಮುರುಗು.

ಇನ್ನು ನನ್ನ ತಪ್ಪಿನ ವಿಚಾರ. 2024ರ ಮೇ 7ರಂದು ಕಲಬುರಗಿ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನವಾಯಿತು. ಕಮಲಾಪುರದಲ್ಲಿ ಸರದಿಯಲ್ಲಿ ನಿಂತು ನಾನು ಮೊದಲ ಸಲ ಮತ ಹಾಕಿದೆ. ಎರಡು ದಿನಗಳ ಮೇಲೆ, ಮೇ 9ರಂದು, ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಹಾಗೂ ಅಜಿತ್ ಷಾ ಮತ್ತು ಪತ್ರಕರ್ತರಾದ ಎನ್. ರಾಮ್ ಅವರು ಪ್ರಧಾನಿ ನರೇಂದ್ರ ಮೋದಿಯವರಿಗೂ ರಾಹುಲ್ ಗಾಂಧಿಯವರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಗಾಂಧಿಯವರು ಒಪ್ಪಿದರು, ಚರ್ಚೆ ನಡೆಯಲಿಲ್ಲ. ನಡೆದಿದ್ದರೂ ನಮ್ಮ ಬೆರಳಿನ ಮಸಿ ಆಗಲೇ ಒಣಗಿತ್ತು. ಈ ಸುದ್ದಿಯ ಪ್ರೇರಣೆಯಿಂದ ನಾವು ಕೆಲವು ವಿದ್ಯಾರ್ಥಿಗಳು ಕೂಡಿ ಒಂದು ಚರ್ಚಾಸ್ಪರ್ಧೆ ನಡೆಸಿದೆವು. "ಚುನಾವಣೆಗೆ ನಿಂತವರು ಟೆಲಿವಿಷನ್ನಿನಲ್ಲಿ ಮುಖಾಮುಖಿ ವಾದಿಸುವುದನ್ನು ಕಡ್ಡಾಯಮಾಡಬೇಕು" ಎಂಬುದು ವಿಷಯ. ತೀರ್ಪುಗಾರರು ಮೂವರು, ಅವರಲ್ಲಿ ನಾನೊಬ್ಬ.

ಪರವಾಗಿ ಮಾತನಾಡಿದ ಹುಡುಗನದು ಗಂಟೆಯಂತಹ ಕಂಠ. ಇಸ್ತ್ರಿ ಮಾಡಿದ ಅಂಗಿ, ತಲೆಯೆತ್ತಿದ ನಿಲುವು. ವಿರೋಧವಾಗಿ ನಿಂತವಳು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ಹುಡುಗಿ. ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ಎರಡು ಸಲ ಮಾತು ತಡವರಿಸಿತು. ಅವಳು ಕೇಳಿದ್ದು ಇಷ್ಟು: "ಕೆಲಸ ಬಲ್ಲ, ಆದರೆ ಮಾತು ಬಾರದ ಒಬ್ಬರು ಚುನಾವಣೆಗೆ ನಿಂತರೆ, ನಿಮ್ಮ ಈ ಕಡ್ಡಾಯದಿಂದ ಅವರ ಗತಿ ಏನು?" ಹುಡುಗ ನಕ್ಕು, ಒಂದು ಶಾಯರಿ ಹೇಳಿದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ತೀರ್ಪಿನ ಕಾಗದದಲ್ಲಿ ಅವನಿಗೆ ಹೆಚ್ಚು ಅಂಕ ಬರೆದೆ. ಉಳಿದ ಇಬ್ಬರ ಅಂಕಗಳು ಸರಿಸಮವಾಗಿದ್ದುದರಿಂದ ನನ್ನ ಅಂಕವೇ ಬಹುಮಾನವನ್ನು ನಿರ್ಣಯಿಸಿತು.

ಆ ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಗೆಳೆಯನೊಬ್ಬ ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿದ್ದ ಚರ್ಚೆಯ ಧ್ವನಿಯನ್ನು ಕೇಳಿದೆ. ಅಂಗಿಯಿಲ್ಲ, ನಿಲುವಿಲ್ಲ, ನಡುಗುವ ಕಾಗದವೂ ಇಲ್ಲ. ಹುಡುಗಿಯ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆ ಶಾಯರಿ, ಅದರ ಹಿಂದೆ ಚಪ್ಪಾಳೆ. ಉತ್ತರ ಎಲ್ಲಿಯೂ ಇರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆರಡು ಸಲ ಕೇಳಿದೆ. ಇರಲಿಲ್ಲ. ಕಮಲಾಪುರ ಬರುವಷ್ಟರಲ್ಲಿ ನನಗೆ ಮುತ್ಯಾನ ಮಾತು ನೆನಪಾಗಿ ತಲೆ ತಗ್ಗಿತು. ಅವಳು ಮಾತ್ರ ಆ ಹುಡುಗನ ಪ್ರತಿಯೊಂದು ವಾದವನ್ನೂ ಮೊದಲು ಅವನ ಮಾತಿನಲ್ಲಿಯೇ ಹೇಳಿ, ಆಮೇಲೆ ತನ್ನ ಉತ್ತರ ಕೊಟ್ಟಿದ್ದಳು. ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಅವಳೇ ಪೂರ್ಣಾಂಕಕ್ಕೆ ಅರ್ಹಳು.

ಸೋಮವಾರ ಅವಳನ್ನು ಕಂಡು, "ನಾನು ತಪ್ಪು ತೀರ್ಪು ಕೊಟ್ಟೆ" ಎಂದೆ. ಕೋಪಗೊಳ್ಳುವಳೆಂದು ಎಣಿಸಿದ್ದೆ. ಅವಳು ಹೇಳಿದಳು: "ಬಹುಮಾನ ಇರ್ಲಿ ಬಿಡ್ರಿ ಅಣ್ಣಾ. ನಾ ಕೇಳಿದ್ದಕ್ಕ ಜವಾಬ ನೀವರ ಹೇಳ್ರಿ."

ಅಂದು ನನ್ನಿಂದ ಹೇಳಲಾಗಲಿಲ್ಲ. ಇಂದು ಈ ಪುಟದಲ್ಲಿ ಹೇಳಲು ಯತ್ನಿಸುತ್ತೇನೆ. ತಂಗೀ, ಚರ್ಚೆ ನಡೆಯಲೇಬೇಕೆಂದು ಈಗಲೂ ನನ್ನ ಅಭಿಪ್ರಾಯ. ಏಕೆಂದರೆ ಪ್ರಶ್ನೆಯನ್ನು ಎದುರಿಸದೆಯೇ ಮತ ಕೇಳುವುದಕ್ಕಿಂತ ಎದುರಿಸಿ ಕೇಳುವುದು ಮೇಲು. ಆದರೆ ಮಾತು ಬಾರದವರ ಗತಿಯನ್ನು ನಿರ್ಣಯಿಸುವವರು ವಾದಿಗಳಲ್ಲ, ಕೇಳುವ ನಾವು. ತಡವರಿಸುತ್ತ ಕೊಟ್ಟ ಉತ್ತರವೂ ಉತ್ತರವೇ ಎಂದು ನಾವು ಎಣಿಸತೊಡಗಿದರೆ, ಕೆಲಸ ಬಲ್ಲವರು ಆ ವೇದಿಕೆಗೆ ಹೆದರಬೇಕಾಗಿಲ್ಲ. ಹಾಗೆ ಎಣಿಸುವ ಅಭ್ಯಾಸ ನಮಗಿನ್ನೂ ಇಲ್ಲ. ನಿನಗೆ ತಪ್ಪಿದ ಬಹುಮಾನವೇ ಅದಕ್ಕೆ ಸಾಕ್ಷಿ. ಆದುದರಿಂದ ಇಂದಿನ ಮಟ್ಟಿಗೆ ನಿನ್ನ ಆಕ್ಷೇಪಣೆ ನಿಂತೇ ಇದೆ.

ಮಿತ್ರರೇ, ಮುಂದಿನ ಚುನಾವಣೆ ಬಂದಾಗ ಟೆಲಿವಿಷನ್ನಿನಲ್ಲಿ ಮತ್ತೆ ವಾದಗಳು ನಡೆಯುವುವು. ಅಂದು ನೀವು ಒಂದು ಹಾಳೆಯನ್ನು ತೆಗೆದುಕೊಂಡು ಎಡಗಡೆ ಪ್ರಶ್ನೆಯನ್ನೂ ಬಲಗಡೆ ಉತ್ತರವನ್ನೂ ಬರೆಯುತ್ತ ಹೋಗಿರಿ. ಆಗಾಗ ಕಣ್ಣು ಮುಚ್ಚಿಕೊಂಡು ಕೇಳಿರಿ. ಬಲಗಡೆ ಎಷ್ಟು ಸಾಲು ಖಾಲಿ ಉಳಿಯಿತೆಂದು ಎಣಿಸಿರಿ. ಆಮೇಲೆ ಮರುದಿನ ಬೇವಿನ ಗಿಡದ ಕೆಳಗೆ ಸೇರೋಣ. ಯಾರು ಚೆನ್ನಾಗಿ ಮಾತನಾಡಿದರೆಂದು ಜಗಳವಾಡಲು ಆಗ ನನಗೂ ಇಷ್ಟವೇ.