ಮರಳು ನಮ್ಮದು, ಅಯಸ್ಕಾಂತ ಪರರದು!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಸಾಲ ಮಾಡಿ ವಿದ್ಯುತ್ ಆಟೋ ಕೊಳ್ಳುವ ಸಣ್ಣ ವ್ಯಾಪಾರಿ ಇದನ್ನು ತಿಳಿಯಬೇಕು. ಇಂಥ ಹಲವು ಗಾಡಿಗಳ ಮೋಟಾರಿಗೆ ಜೀವ, ನಿಯೋಡಿಮಿಯಂ ಎಂಬ ವಿರಳ ಲೋಹ ಬೆರೆತ ಅಯಸ್ಕಾಂತ.

ಈ ಲೋಹಗಳ ಗುಣ ವಿಚಿತ್ರ. ಗಡೋಲಿನಿಯಂ ಸುಮಾರು 20 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಕಾಂತಗುಣ ಕಳೆದುಕೊಳ್ಳುತ್ತದೆ. ನಮ್ಮೂರ ಬಿಸಿಲಿನಲ್ಲಿ ಅದು ಬರೀ ಲೋಹದ ತುಂಡು. ಮೋಟಾರು ಕಾದರೂ ಅಯಸ್ಕಾಂತ ಸೋಲದಂತೆ ಕಾಯುವುದು ಡಿಸ್ಪ್ರೋಸಿಯಂ. 2025ರ ಏಪ್ರಿಲಿನಲ್ಲಿ ಚೀನಾ ಅದರ ರಫ್ತಿಗೆ ಪರವಾನಗಿಯ ಬೇಲಿ ಹಾಕಿತು. ಇಲ್ಲಿಯ ಗಾಡಿ ಕಾರ್ಖಾನೆಗಳು ಚಡಪಡಿಸಿದವು.

ಕೇರಳದ ಕಡಲ ಮರಳಿನಲ್ಲಿ ಡಿಸ್ಪ್ರೋಸಿಯಂ ಅತ್ಯಲ್ಪ, ನಿಜ. ಆದರೆ ನಿಯೋಡಿಮಿಯಂ ಉಂಟಲ್ಲ! ಆ ಮರಳನ್ನು ಸಂಸ್ಕರಿಸುವ ಸರ್ಕಾರಿ ಕಾರ್ಖಾನೆ ಆಲುವಾದಲ್ಲಿ ಆರಂಭವಾದದ್ದು 1952ರಲ್ಲಿ. ಎಪ್ಪತ್ತು ವರ್ಷ ದಾಟಿದರೂ ಪರರ ಬಾಗಿಲು ಕಾಯುವುದೇಕೆ? ಜನರ ಹಣದಿಂದ ಅಯಸ್ಕಾಂತದ ಕಾರ್ಖಾನೆಗಳು ಏಳಲಿ; ದುಡಿಯುವವರ ಮಕ್ಕಳು ಅಲ್ಲಿ ಕಸುಬು ಕಲಿಯಲಿ.