ಸೆರಗಿಗೆ ಎಷ್ಟು ಗಂಟು ಹಾಕಬಹುದು?

ಕಳೆದ ತಿಂಗಳು ನಮ್ಮ ಪಕ್ಕದ ಮನೆಯಲ್ಲಿ ಒಂದು ಸಣ್ಣ ರಂಪವಾಯಿತು. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ದ್ವಿತೀಯ ಪಿ.ಯು.ಸಿ. ಓದುವ ಮಗಳು ಸಂಜೆ ಟ್ಯೂಷನ್ನಿಗೆ ಹೋಗಿದ್ದಾಗ, ಕರೆಂಟ್ ಬಿಲ್ ಕಟ್ಟಲೆಂದು ತಂದೆ ಅದರ ಮುಂದೆ ಕುಳಿತರು. ಯಂತ್ರ ಆಮೆಯಂತೆ ತೆವಳುತ್ತಿತ್ತು. ನೋಡಿದರೆ ಬ್ರೌಸರಿನ ನೆತ್ತಿಯ ಮೇಲೆ ನಲವತ್ತಕ್ಕೂ ಹೆಚ್ಚು ಟ್ಯಾಬ್‌ಗಳು! ‘ಇದೇನು ಸಂತೆ’ ಎಂದುಕೊಂಡು ಎಲ್ಲವನ್ನೂ ಒಂದೇ ಸಲಕ್ಕೆ ಮುಚ್ಚಿಬಿಟ್ಟರು.

ಮಗಳು ಮರಳಿ ಬಂದು ನೋಡಿದ್ದೇ ಅಳು ಶುರುವಾಯಿತು. ಇತಿಹಾಸದ ಪ್ರಾಜೆಕ್ಟಿಗೆಂದು ವಾರವಿಡೀ ಹುಡುಕಿಟ್ಟ ಪುಟಗಳು ಅಲ್ಲಿದ್ದವು. ಭೌತಶಾಸ್ತ್ರದ ಪಾಠಗಳಿದ್ದವು. ಅರ್ಧ ತುಂಬಿದ ವಿದ್ಯಾರ್ಥಿವೇತನದ ಅರ್ಜಿಯೂ ಇತ್ತು.

“ಅಷ್ಟು ಮುಖ್ಯವಾದದ್ದನ್ನ ಹೀಗೆ ತೆರೆದಿಟ್ಟು ಹೋಗ್ತಾರೇನಮ್ಮಾ?” ಎಂದರು ತಂದೆ.

“ಮುಖ್ಯ ಅಂತಲೇ ತೆರೆದಿಟ್ಟಿದ್ದು ಅಪ್ಪಾ” ಎಂದಳು ಮಗಳು.

ಪಂಚಾಯಿತಿಗೆ ನನ್ನನ್ನು ಕರೆದರು. ಕಂಟ್ರೋಲ್, ಶಿಫ್ಟ್ ಮತ್ತು ‘ಟಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಪುಟಗಳೇನೋ ಮರಳಿ ಬಂದವು. ಅರ್ಜಿ ಮಾತ್ರ ಖಾಲಿಯಾಗಿತ್ತು. ಕೊನೆಯ ದಿನಾಂಕಕ್ಕೆ ಇನ್ನೆರಡು ದಿನ ಉಳಿದಿದ್ದರಿಂದ, ರಾತ್ರಿ ಕುಳಿತು ಮತ್ತೆ ತುಂಬಿದ್ದಾಯಿತು. ಆದರೆ ತಪ್ಪು ಯಾರದು? ತಂದೆಯದೂ ಅಲ್ಲ, ಮಗಳದೂ ಅಲ್ಲ, ಟ್ಯಾಬಿನ ವಿನ್ಯಾಸದ್ದು ಎಂದು ನನಗನ್ನಿಸಿತು.

ಕಚೇರಿಯ ಫೈಲುಗಳ ಅಂಚಿನಲ್ಲಿ ಹೆಸರು ಬರೆಯಲೆಂದು ಹೊರಚಾಚಿದ ಒಂದು ತುಂಡು ರಟ್ಟು ಇರುತ್ತದಲ್ಲ, ಅದೇ ಟ್ಯಾಬ್. ಹಿಂದೆ ಬಹುತೇಕ ಬ್ರೌಸರುಗಳಲ್ಲಿ ಒಂದು ಪುಟಕ್ಕೆ ಒಂದು ಕಿಟಕಿ ಬೇಕಾಗುತ್ತಿತ್ತು. 2001ರಲ್ಲಿ ಮೊಜಿಲ್ಲಾ, 2006ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಟ್ಯಾಬ್‌ಗಳನ್ನು ಅಳವಡಿಸಿಕೊಂಡವು. ಒಂದೇ ಕಿಟಕಿಯಲ್ಲಿ ಹಲವು ಪುಟಗಳು ಎಂಬುದು ಎಲ್ಲರಿಗೂ ಹಿಡಿಸಿತು. ಐದಾರು ಪುಟಗಳಿಗೆ ಇದು ಸೊಗಸಾದ ಏರ್ಪಾಡು. ನಲವತ್ತಾದಾಗ ಹೆಸರುಗಳೆಲ್ಲ ಕುಗ್ಗಿ, ಸಣ್ಣ ಚಿತ್ರಗಳಷ್ಟೇ ಉಳಿಯುತ್ತವೆ.

ಹಾಗಾದರೆ ಮುಚ್ಚಬಾರದೇಕೆ? ನಮ್ಮ ಅಜ್ಜಿಯಂದಿರು ಮರೆಯಬಾರದ ಕೆಲಸವಿದ್ದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಕಣ್ಣಿಗೆ ಬಿದ್ದೊಡನೆ ಕೆಲಸ ನೆನಪಾಗುತ್ತಿತ್ತು. ಇಂದಿನ ವಿದ್ಯಾರ್ಥಿಗೆ ಟ್ಯಾಬ್ ಅಂಥದ್ದೇ ಗಂಟು. ‘ಇದನ್ನು ಓದಬೇಕು’, ‘ಇದನ್ನು ಅದರೊಂದಿಗೆ ಹೋಲಿಸಬೇಕು’ ಎಂದು ತನಗೆ ತಾನೇ ಹೇಳಿಕೊಂಡ ಮಾತು ಅದರಲ್ಲಿದೆ. ಆದರೆ ನಲವತ್ತು ಗಂಟು ಬಿದ್ದ ಸೆರಗಿನಲ್ಲಿ ಯಾವ ಗಂಟು ಯಾವುದಕ್ಕೆಂದು ಅಜ್ಜಿಗಾದರೂ ಹೇಗೆ ತಿಳಿಯಬೇಕು?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇದೇ ವಿಷಯದ ಅಧ್ಯಯನವೊಂದನ್ನು ಪ್ರಕಟಿಸಿದರು. ಟ್ಯಾಬ್‌ಗಳ ರಾಶಿ ಜನರಿಗೆ ಬೇಸರ ತರುತ್ತದೆ, ಆದರೂ ಮುಚ್ಚಲು ಕೈ ಬರುವುದಿಲ್ಲ. ಕಣ್ಮರೆಯಾದರೆ ಮತ್ತೆ ಸಿಗಲಿಕ್ಕಿಲ್ಲ, ನೆನಪೇ ಆಗಲಿಕ್ಕಿಲ್ಲ ಎಂಬ ಭಯ. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಟ್ಯಾಬ್‌ಗಳನ್ನು ಪುಟಗಳ ಪಟ್ಟಿಯಾಗಿ ನೋಡದೆ, ಮಾಡಬೇಕಾದ ಕೆಲಸಗಳಾಗಿ ಜೋಡಿಸುವ ‘ಸ್ಕೀಮಾ’ ಎಂಬ ಸಾಧನವನ್ನೂ ಅವರು ರಚಿಸಿದರು.

ಬ್ರೌಸರ್ ತಯಾರಕರೂ ಸುಮ್ಮನೆ ಕುಳಿತಿಲ್ಲ. ಬಳಸದ ಟ್ಯಾಬ್‌ಗಳನ್ನು ನಿದ್ದೆಗೆ ಕಳಿಸಿ ಮೆಮೊರಿ ಉಳಿಸುವ ಉಪಾಯ ಕ್ರೋಮ್ ಮತ್ತು ಎಡ್ಜ್‌ಗಳಲ್ಲಿದೆ. ಇದರಿಂದ ಯಂತ್ರದ ಭಾರ ಇಳಿಯುತ್ತದೆ, ಮನಸ್ಸಿನದು ಇಳಿಯುವುದಿಲ್ಲ. ಫೈರ್‌ಫಾಕ್ಸ್ 2011ರಲ್ಲಿ ‘ಪನೋರಮಾ’ ಎಂಬ ಸೌಲಭ್ಯ ತಂದಿತು. ಮೇಜಿನ ಮೇಲೆ ಕಾಗದಗಳನ್ನು ಗುಡ್ಡೆ ಹಾಕಿದಂತೆ ಟ್ಯಾಬ್‌ಗಳನ್ನು ಗುಂಪು ಮಾಡಿಡಬಹುದಿತ್ತು. ಬಳಸುವವರು ತೀರಾ ಕಡಿಮೆ ಎಂಬ ಕಾರಣಕ್ಕೆ 2016ರಲ್ಲಿ ಅದನ್ನು ಕೈಬಿಟ್ಟರು. ಆಮೇಲೆ 2020ರಲ್ಲಿ ಕ್ರೋಮ್, 2021ರಲ್ಲಿ ಸಫಾರಿ, 2025ರಲ್ಲಿ ಮತ್ತೆ ಫೈರ್‌ಫಾಕ್ಸ್ ಗುಂಪುಗಳನ್ನು ಬೇರೆ ರೂಪದಲ್ಲಿ ತಂದವು. ಗುಂಪು ಮಾಡುವುದೇ ಹೊಸದೊಂದು ಕೆಲಸವಾದರೆ ಜನ ಅದನ್ನು ಮಾಡುವುದಿಲ್ಲ ಎಂಬುದು ಪನೋರಮಾದಿಂದ ನಾವು ಕಲಿಯಬಹುದಾದ ಪಾಠ.

ಹಾಗಾದರೆ ಒಳ್ಳೆಯ ವಿನ್ಯಾಸ ಹೇಗಿರಬೇಕು? ಮೊದಲನೆಯದಾಗಿ, ಪುಟವನ್ನು ಏಕೆ ಇಟ್ಟುಕೊಂಡೆವು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಲು ಅಲ್ಲೇ ಜಾಗವಿರಬೇಕು. ಎರಡನೆಯದಾಗಿ, ಗಡುವು ಇರುವ ಪುಟ ತಾನಾಗಿಯೇ ಮುಂದೆ ಬರಬೇಕು. ವಿದ್ಯಾರ್ಥಿವೇತನದ ಅರ್ಜಿಯೂ ಸಿನಿಮಾ ಹಾಡೂ ಒಂದೇ ಸಾಲಿನಲ್ಲಿ ಒಂದೇ ಗಾತ್ರದಲ್ಲಿ ಕುಳಿತಿರಬಾರದು. ಮೂರನೆಯದಾಗಿ, ಮುಚ್ಚಿದ್ದು ಸುರಕ್ಷಿತವಾಗಿರುತ್ತದೆ ಎಂಬ ಭರವಸೆ ಸಿಗಬೇಕು. ಆ ಭರವಸೆ ಇದ್ದರೆ ಮುಚ್ಚಲು ಯಾರೂ ಅಂಜುವುದಿಲ್ಲ. ವಿದ್ಯಾರ್ಥಿಗಳೇ, ಮುಂದಿನ ವಿಜ್ಞಾನ ಮೇಳಕ್ಕೆ ಜ್ವಾಲಾಮುಖಿಯ ಮಾದರಿಯ ಬದಲು, ಇಂಥ ಬ್ರೌಸರೊಂದನ್ನು ರಟ್ಟಿನ ಮೇಲೆ ಬರೆದು ತೋರಿಸಬಾರದೇಕೆ? ಪ್ರೋಗ್ರಾಮಿಂಗ್ ಬರಬೇಕೆಂದೇನೂ ಇಲ್ಲ. ನಾಲ್ಕು ಜನ ಟ್ಯಾಬ್ ಬಳಸುವುದನ್ನು ಗಮನಿಸಿ ನೋಡುವ ತಾಳ್ಮೆ ಇದ್ದರೆ ಸಾಕು.

ಅಲ್ಲಿಯವರೆಗೆ ಕೆಲವು ರೂಢಿಗಳು ನೆರವಾಗುತ್ತವೆ. ಟ್ಯಾಬಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಒಂದೊಂದು ವಿಷಯಕ್ಕೂ ಹೆಸರಿಟ್ಟು ಗುಂಪು ಮಾಡಿ. ದಿನದ ಕೊನೆಗೆ ಕಂಟ್ರೋಲ್, ಶಿಫ್ಟ್, ‘ಡಿ’ ಒತ್ತಿದರೆ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಲ್ಲಿ ತೆರೆದ ಪುಟಗಳೆಲ್ಲ ಒಂದೇ ಬುಕ್‌ಮಾರ್ಕ್ ಫೋಲ್ಡರಿಗೆ ಸೇರುತ್ತವೆ. ಅರ್ಜಿಯನ್ನು ಮಾತ್ರ ಟ್ಯಾಬಿನ ಮೇಲೆ ನಂಬಿಕೆಯಿಟ್ಟು ಅರ್ಧಕ್ಕೆ ಬಿಡಬೇಡಿ. ‘ಸೇವ್’ ಗುಂಡಿ ಇದ್ದರೆ ಒತ್ತಿ, ಇಲ್ಲವಾದರೆ ವಿವರಗಳನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಂದೇ ಸಲಕ್ಕೆ ತುಂಬಿ.

ಪೋಷಕರಿಗೂ ಒಂದು ಮಾತು. ಮಕ್ಕಳ ಟ್ಯಾಬ್‌ಗಳನ್ನು ಕಸವೆಂದು ಗುಡಿಸುವ ಮುನ್ನ, “ಇದು ಯಾತಕ್ಕಮ್ಮಾ?” ಎಂದು ಒಮ್ಮೆ ಕೇಳಿ. ಪಕ್ಕದ ಮನೆಯ ತಂದೆ ಈಗ ಹಾಗೇ ಕೇಳುತ್ತಾರೆ. ಅರ್ಧದಷ್ಟು ಪುಟಗಳಿಗೆ ಮಗಳ ಬಳಿ ಉತ್ತರವೇ ಇರುವುದಿಲ್ಲ. ಅವನ್ನು ಅವಳೇ ನಗುತ್ತ ಮುಚ್ಚುತ್ತಾಳೆ.