ನಮ್ಮದರಲ್ಲಿ ಏನು ಕಮ್ಮಿ? ತರಕಾರಿ ಪ್ರದರ್ಶನದ ತೀರ್ಪುಗಾರರು ಉತ್ತರ ಹೇಳಲಿ

ಪ್ರತಿ ವರ್ಷ ಜನವರಿ 26ರ ಆಸುಪಾಸಿನಲ್ಲಿ ನಮ್ಮಂಥ ತಾಲ್ಲೂಕು ವರದಿಗಾರರು ಕಳಿಸುವ ಫೋಟೊ ಹೆಚ್ಚೂಕಮ್ಮಿ ಒಂದೇ. ಫಲಪುಷ್ಪ ಪ್ರದರ್ಶನ. ನಡುವೆ ಒಂದು ದೊಡ್ಡ ಕುಂಬಳಕಾಯಿ, ಪಕ್ಕದಲ್ಲಿ ಕಲ್ಲಂಗಡಿಯಲ್ಲಿ ಕೆತ್ತಿದ ಮಹನೀಯರ ಮುಖ, ಹಿಂದೆ ಸಾಲಾಗಿ ನಿಂತ ಅತಿಥಿಗಳು. ಕುಂಬಳಕಾಯಿ ಬೆಳೆದವರು ಫೋಟೊದಲ್ಲಿ ಇರುವುದಿಲ್ಲ. ಇದ್ದರೂ ಮೂಲೆಯಲ್ಲಿ ಅರ್ಧ ಭುಜ.

ಅಂಥ ಒಂದು ಪ್ರದರ್ಶನಕ್ಕೆ ಕೆಂಚಾರ್ಲಹಳ್ಳಿ ಕಡೆಯ ಗಂಡ ಹೆಂಡತಿ ಐದು ಕೆಂಪು ದಪ್ಪ ಮೆಣಸಿನಕಾಯಿ ತಂದಿದ್ದರು. ಅರ್ಧ ಎಕರೆ ಪಾಲಿಹೌಸ್ ಅವರದು. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ತೊಟ್ಟು ಮುರಿಯದ ಹಾಗೆ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು. ಬಹುಮಾನ ಬರಲಿಲ್ಲ. ಅದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. ಆದರೆ ಹೋಗುವಾಗ ಆ ಅಕ್ಕ ನಮ್ಮ ಕೈಯಲ್ಲಿದ್ದ ಕ್ಯಾಮೆರಾ ನೋಡಿ ಕೇಳಿದರು: “ಸಾರ್, ನಮ್ದ್ರಲ್ಲಿ ಏನ್ ಕಮ್ಮಿ ಆಯ್ತು ಅಂತ ಯಾರನ್ನ ಕೇಳ್ಬೇಕು?”

ನಮಗೆ ಗೊತ್ತಿರಲಿಲ್ಲ. ಮೇಜಿನ ಹಿಂದೆ ಕೂತವರನ್ನು ಕೇಳಿದೆವು. ತೀರ್ಪುಗಾರರು ಊಟ ಮುಗಿಸಿ ಹೊರಟುಹೋಗಿದ್ದಾರೆ ಎಂದರು. ನಾವು ಕುಂಬಳಕಾಯಿ ಫೋಟೊ ಕಳಿಸಿ ಮನೆಗೆ ಬಂದೆವು.

ಅವತ್ತಿನಿಂದ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. “ಏನು ಕಮ್ಮಿ” ಎಂಬ ಪ್ರಶ್ನೆಗೆ ಉತ್ತರ ಕೊಡದ ಸ್ಪರ್ಧೆ ಸ್ಪರ್ಧೆಯೇ ಅಲ್ಲ. ಅದು ಬರೀ ಅಲಂಕಾರ.

ಐದು ಕಾಯಿ ಹಿಂದೆ ಆರು ತಿಂಗಳು

ಪಾಲಿಹೌಸ್ ಅಂದರೆ ಹೊರಗಿನವರಿಗೆ ಬಿಳಿ ಶೀಟಿನ ದೊಡ್ಡ ಮನೆ. ಒಳಗಿನ ಕೆಲಸ ಮಾಡಿದವರಿಗೇ ಗೊತ್ತು. ಚಳಿ ದೇಶಗಳಲ್ಲಿ ಹಸಿರುಮನೆ ಕಟ್ಟುವುದು ಗಿಡಕ್ಕೆ ಬೆಚ್ಚಗಿರಲಿ ಅಂತ. ನಮ್ಮ ಕಡೆ ಕಟ್ಟುವುದು ಮುಖ್ಯವಾಗಿ ಮಳೆ, ಹುಳ, ಸುಡುಬಿಸಿಲು ತಡೆಯಲು. ಒಲೆಯಿಲ್ಲ, ಹೀಟರ್ ಇಲ್ಲ. ಹಾಗಾಗಿ ಚಳಿಗಾಲ ಬಂತೆಂದರೆ ಎಲ್ಲ ಭಾರ ಪಕ್ಕದ ಪರದೆಗಳ ಮೇಲೆ. ಸಂಜೆ ಬಿಸಿಲು ಇಳಿಯುವ ಮೊದಲೇ ಪರದೆ ಇಳಿಸಬೇಕು, ಹಗಲಿನ ಶಾಖ ಒಳಗೇ ಉಳಿಯಬೇಕು. ಬೆಳಿಗ್ಗೆ ಮಂಜು ಸರಿಯುತ್ತಲೇ ಎತ್ತಬೇಕು. ಇಲ್ಲವಾದರೆ ಶೀಟಿನ ಒಳಗೆ ಕಟ್ಟಿದ ನೀರು ಎಲೆ ಮೇಲೆ ತೊಟ್ಟಿಕ್ಕಿ ರೋಗ ಶುರು. ಬೂದಿ ರೋಗ, ನುಸಿ, ಥ್ರಿಪ್ಸ್ ಒಂದರ ಹಿಂದೆ ಒಂದು ಕಾಯುತ್ತಿರುತ್ತವೆ.

ಆಗಸ್ಟಿನಲ್ಲಿ ಸಸಿ ನೆಡಬೇಕು. ಮೊದಲು ಬಿಟ್ಟ ಹೂವು ಕಿತ್ತುಹಾಕಬೇಕು, ಗಿಡ ಮೊದಲು ಬಲಿಯಲಿ ಅಂತ. ಬೇಕಾದ ಕೊಂಬೆ ಉಳಿಸಿ ಉಳಿದವು ಸವರಬೇಕು. ಉಳಿದದ್ದನ್ನು ಮೇಲಿನ ತಂತಿಯಿಂದ ಇಳಿಬಿಟ್ಟ ದಾರಕ್ಕೆ ಸುತ್ತುತ್ತಾ ಹೋಗಬೇಕು. ಹೂವು ಬಿಟ್ಟ ಮೇಲೆ ಕಾಯಿ ಬಲಿತು ಪೂರ್ತಿ ಕೆಂಪಾಗಲು ಚಳಿಗಾಲದಲ್ಲಿ ಎರಡು ತಿಂಗಳಿಗೂ ಮೇಲೆ ಬೇಕು. ಅಂದರೆ ಜನವರಿ 26ಕ್ಕೆ ತಟ್ಟೆಯಲ್ಲಿ ಕೂರಬೇಕಾದ ಕಾಯಿಯ ಹೂವು ನವೆಂಬರಿನಲ್ಲೇ ಅರಳಿರಬೇಕು. ಅವತ್ತೇ ಲೆಕ್ಕ ಹಾಕಿದವರು ಮಾತ್ರ ಒಂದೇ ಗಾತ್ರ, ಒಂದೇ ಬಣ್ಣದ ಐದು ಕಾಯಿ ತರಬಲ್ಲರು.

ಇಷ್ಟು ಮಾಡಿದವರಿಗೆ ಎರಡು ಸಾಲಿನ ಉತ್ತರ ಕೊಡಲು ಆಗುವುದಿಲ್ಲವೇ?

ಪ್ರದರ್ಶನ ಅಂದರೆ ಪಾಠಶಾಲೆ

ನಮ್ಮ ನಾಡಿನ ಪ್ರದರ್ಶನಗಳ ತವರು ಲಾಲ್‌ಬಾಗ್. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ. ಆಗ ತೋಟದ ಉಸ್ತುವಾರಿ ನೋಡುತ್ತಿದ್ದವರು ಜಾನ್ ಕ್ಯಾಮೆರಾನ್. ಇವತ್ತು ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಯನ್ನು ಈ ಕಡೆ ತಂದ ಹೆಗ್ಗಳಿಕೆ ಅವರದು. ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಹೊಸ ತರಕಾರಿ ತರುವುದು, ಬೆಳೆದು ನೋಡುವುದು, ಜನರಿಗೆ ತೋರಿಸುವುದು, ಜನ ಅದನ್ನು ತಮ್ಮ ಹೊಲಕ್ಕೆ ಒಯ್ಯುವುದು, ಪ್ರದರ್ಶನದ ಅರ್ಥ ಇದೇ ಆಗಿತ್ತು.

ಈಗ ಗಾಜಿನ ಮನೆಯಲ್ಲಿ ಹೂವಿನ ಪ್ರತಿಕೃತಿ ನೋಡಲು ಲಕ್ಷಾಂತರ ಜನ ಬರುತ್ತಾರೆ. ಬರಲಿ, ನಾವೂ ಹೋಗುತ್ತೇವೆ. ಆದರೆ ಅದೇ ಮಾದರಿಯನ್ನು ಚಿಕ್ಕದು ಮಾಡಿ ಜಿಲ್ಲೆಗಳಿಗೆ ತಂದಾಗ ತರಕಾರಿ ಬೆಳೆಯುವವರು ನೋಡುಗರಾಗಿಬಿಟ್ಟರು. ತರಕಾರಿಯಲ್ಲಿ ಗಿಳಿ ಕೆತ್ತಿದವರಿಗೆ ಸಿಗುವ ಚಪ್ಪಾಳೆ ತರಕಾರಿ ಬೆಳೆದವರಿಗೆ ಸಿಗುತ್ತಿಲ್ಲ.

ಇಂಗ್ಲೆಂಡಿನಲ್ಲಿ ಸ್ಪರ್ಧೆಗೆಂದೇ ತರಕಾರಿ ಬೆಳೆಯುವ ಹುಚ್ಚು ದೊಡ್ಡದು. ಕ್ರಿಸ್‌ಮಸ್ ಮರುದಿನ ಹಸಿರುಮನೆಯೊಳಗೆ ಈರುಳ್ಳಿ ಬೀಜ ಹಾಕುವುದು ಅಲ್ಲಿನವರ ಹಳೆಯ ರೂಢಿ. ಬೆಚ್ಚಗೆ ಇಟ್ಟು, ದೀಪ ಹಾಕಿ ಬೆಳೆಸುತ್ತಾರೆ. 2023ರಲ್ಲಿ ಹ್ಯಾರೋಗೇಟ್ ಪ್ರದರ್ಶನಕ್ಕೆ ಬಂದ ಒಂದು ಈರುಳ್ಳಿ ಸುಮಾರು 9 ಕಿಲೋ ತೂಗಿತು. ಇದನ್ನು ಓದಿ ನಗಬಹುದು. ಆದರೆ ಅಲ್ಲಿ ತೂಕದ ಸ್ಪರ್ಧೆಯೇ ಬೇರೆ, ಗುಣಮಟ್ಟದ ಸ್ಪರ್ಧೆಯೇ ಬೇರೆ. ಗುಣಮಟ್ಟದ ಸ್ಪರ್ಧೆಯಲ್ಲಿ ಒಂದು ತಟ್ಟೆಗೆ ಎಷ್ಟು ಕಾಯಿ ಎಂದು ಮೊದಲೇ ಹೇಳಿರುತ್ತಾರೆ. ಕಾಯಿ ತಾಜಾ ಇದೆಯೇ, ಒಂದಕ್ಕೊಂದು ಹೋಲುತ್ತವೆಯೇ, ಆಕಾರ, ಬಣ್ಣ, ಗಾತ್ರ ಹೇಗಿದೆ ಎಂದು ಬಿಡಿಬಿಡಿಯಾಗಿ ಅಂಕ. ನಿಯಮ ಅಚ್ಚಾಗಿರುತ್ತದೆ, ಸೋತವರಿಗೂ ತಾವು ಎಲ್ಲಿ ಸೋತೆವು ಅಂತ ತಿಳಿಯುವ ದಾರಿ ಇರುತ್ತದೆ.

ಮಂಡಿಯಲ್ಲಿ ಸಿಕ್ಕ ಉತ್ತರ

ಈ ವಿದ್ಯೆ ನಮ್ಮಲ್ಲಿ ಇಲ್ಲ ಎಂದುಕೊಳ್ಳಬೇಡಿ. ಆ ಐದು ಕಾಯಿಯ ಫೋಟೊ ನಮ್ಮ ಫೋನಿನಲ್ಲಿತ್ತು. ಕೆಲವು ದಿನ ಬಿಟ್ಟು ಮಂಡಿಯಲ್ಲಿ ತರಕಾರಿ ಆರಿಸುವ ಪರಿಚಯದವರೊಬ್ಬರಿಗೆ ತೋರಿಸಿದೆವು. ಬೆರಳಿನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದರು. “ನಾಲ್ಕು ಚೌಕಾಗವೆ, ಇದೊಂದು ಚಪ್ಪಟೆ ಐತೆ. ಕೊಯ್ದು ನೋಡಿ, ಒಳಗೆ ಬೀಜ ಕಮ್ಮಿ ಇರ್ತದೆ. ಹೂವಿದ್ದಾಗ ಚಳಿ ಹೊಡೆದದೆ” ಎಂದರು. ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಅವರು ಹೇಳಿದ್ದು ಸರಿ. ಹೂವು ಅರಳಿ ಕಾಯಿ ಕಟ್ಟುವ ಹೊತ್ತಿಗೆ ರಾತ್ರಿ ತುಂಬ ತಣ್ಣಗಾದರೆ ದಪ್ಪ ಮೆಣಸಿನಕಾಯಿ ಸರಿಯಾಗಿ ಬೀಜ ಕಟ್ಟದೆ ಚಪ್ಪಟೆಯಾಗುತ್ತದೆ. ಆ ಮಾತು ಪ್ರದರ್ಶನದ ದಿನವೇ ಸಿಕ್ಕಿದ್ದರೆ ಆ ಅಕ್ಕ ಮುಂದಿನ ನವೆಂಬರಿನಲ್ಲಿ ಸಂಜೆ ಪರದೆಯನ್ನು ಒಂದು ಗಂಟೆ ಮುಂಚೆ ಇಳಿಸುತ್ತಿದ್ದರು. ತಟ್ಟೆಯ ಐದು ಕಾಯಿ ಮಾತ್ರವಲ್ಲ, ಇಡೀ ಅರ್ಧ ಎಕರೆಯಲ್ಲಿ ಫಸ್ಟ್ ಕ್ವಾಲಿಟಿ ಬಾಕ್ಸ್ ಹೆಚ್ಚಾಗುತ್ತಿತ್ತು. ಸ್ಪರ್ಧೆಯಲ್ಲಿ ಗೆಲ್ಲಿಸುವ ಗುಣವೂ ಮಂಡಿಯಲ್ಲಿ ರೇಟು ಕೊಡಿಸುವ ಗುಣವೂ ಒಂದೇ, ಅದು ಒಂದೇ ಸಮ ಇರುವುದು. ಬಹುಮಾನಕ್ಕಿಂತ ಆ ಉತ್ತರಕ್ಕೇ ಬೆಲೆ ಜಾಸ್ತಿ.

“ಇದೆಲ್ಲ ಶೋಕಿ ಅಲ್ವಾ?”

ಹೀಗೆ ಕೇಳುವವರಿದ್ದಾರೆ, ಕೇಳುವುದರಲ್ಲಿ ನ್ಯಾಯವೂ ಇದೆ. ನಮ್ಮದು ಶಾಶ್ವತ ನದಿಯಿಲ್ಲದ ಜಿಲ್ಲೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2023ರ ಜುಲೈಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದೇವೆ, ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಪಾಲಿಹೌಸ್ ಎಲ್ಲರ ಕೈಗೆಟುಕುವುದೂ ಅಲ್ಲ. 2014ರ ತೋಟಗಾರಿಕೆ ಮಿಷನ್ ಮಾರ್ಗಸೂಚಿ ಒಬ್ಬರಿಗೆ 4,000 ಚದರ ಮೀಟರ್‌ವರೆಗೆ ಶೇ. 50 ಸಬ್ಸಿಡಿ ಎಂದಿತು. ಉಳಿದ ಅರ್ಧಕ್ಕೆ ಸಾಲವೇ ಗತಿ. ಒಂದು ಜೋರು ಗಾಳಿ ಬಂದರೆ ಶೀಟು ಹರಿದು ಸಾಲ ಮಾತ್ರ ಉಳಿಯುತ್ತದೆ. ಇಂಥ ಕಡೆ ಬರೀ ಗಾತ್ರಕ್ಕೆ, ಹೊಳಪಿಗೆ ಬಹುಮಾನ ಕೊಟ್ಟರೆ ಏನಾಗುತ್ತದೆ? ಇನ್ನೊಂದು ಸಲ ಔಷಧಿ ಹೊಡೆಯುತ್ತಾರೆ, ಇನ್ನಷ್ಟು ಗೊಬ್ಬರ ಬಿಡುತ್ತಾರೆ.

ಅದಕ್ಕೇ ಸ್ಪರ್ಧೆ ಬೇಡ ಎನ್ನುವುದಲ್ಲ, ಬೇರೆ ರೀತಿ ಇರಲಿ ಎನ್ನುವುದು ನಮ್ಮ ವಾದ.

ಒಂದು, ಪಾಲಿಹೌಸ್, ನೆರಳುಪರದೆ, ಬಯಲು ಬೆಳೆ ಮೂರಕ್ಕೂ ಪ್ರತ್ಯೇಕ ವಿಭಾಗ ಇರಲಿ. ಒಂದು ಎಕರೆ ಪಾಲಿಹೌಸಿನವರ ಎದುರು ಹತ್ತು ಗುಂಟೆಯವರನ್ನು ನಿಲ್ಲಿಸಬೇಡಿ.

ಎರಡು, ತಟ್ಟೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ದಿನ ನಾಟಿ, ಎಷ್ಟು ಹೊತ್ತು ಡ್ರಿಪ್, ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು ಹೊಡೆದದ್ದು, ಖರ್ಚೆಷ್ಟು. ಅರ್ಧ ಅಂಕ ಕಾಯಿಗೆ, ಅರ್ಧ ಅಂಕ ಆ ಲೆಕ್ಕಕ್ಕೆ. ಕಡಿಮೆ ನೀರು, ಕಡಿಮೆ ಔಷಧಿಯಲ್ಲಿ ಬೆಳೆದವರು ಮುಂದೆ ಬರಲಿ. ಬರೆಯಲು ಬಾರದವರ ಪರವಾಗಿ ಮಕ್ಕಳು ಬರೆಯಲಿ.

ಮೂರು, ತೀರ್ಪುಗಾರರಲ್ಲಿ ಒಬ್ಬರು ವಿಜ್ಞಾನಿ, ಒಬ್ಬರು ಬೆಳೆದು ಪಳಗಿದ ರೈತರು, ಒಬ್ಬರು ಮಂಡಿಯವರು ಇರಲಿ.

ನಾಲ್ಕು, ಪ್ರತಿ ತಟ್ಟೆಗೂ ಅಂಕಪಟ್ಟಿ ಸಿಗಲಿ. ಕೆಳಗೆ ಎರಡು ಸಾಲು: ಯಾವುದು ಚೆನ್ನಾಗಿದೆ, ಯಾವುದು ಕಮ್ಮಿ. ತೀರ್ಪಾದ ಮೇಲೆ ಒಂದು ಗಂಟೆ ತೀರ್ಪುಗಾರರು ಮೇಜಿನ ಹತ್ತಿರವೇ ನಿಂತು ಮಾತಾಡಲಿ.

ಇದಕ್ಕೆ ಕೋಟಿ ರೂಪಾಯಿ ಬೇಡ. ಚಿಂತಾಮಣಿ ಪಕ್ಕದ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ರೇಷ್ಮೆ ಕೃಷಿ ಕಾಲೇಜಿದೆ. ಎಪಿಎಂಸಿ ಅಂಗಳ ಇದೆ. ಶಾಮಿಯಾನ, ಮೇಜು, ತಕ್ಕಡಿ, ಅಚ್ಚು ಹಾಕಿದ ಅಂಕಪಟ್ಟಿ ಇದ್ದರೆ ಸಾಕು. ಅತಿಥಿಗಳ ಹಾರ ಶಾಲಿನ ಖರ್ಚು ಉಳಿಸಿದರೆ ಅಂಕಪಟ್ಟಿಯ ಖರ್ಚು ಹುಟ್ಟುತ್ತದೆ.

ನಮ್ಮದೂ ತಪ್ಪಿದೆ

ಕೊನೆಯದಾಗಿ ನಮ್ಮ ಕಡೆ. ದೊಡ್ಡ ಕಾಯಿಯ ಫೋಟೊ ಬೇಕು ಎಂದು ಕೇಳಿದವರು ಡೆಸ್ಕಿನವರು, ಎದುರು ಮಾತಾಡದೆ ಕಳಿಸಿದವರು ನಾವು. ಬೆಳೆದವರ ಹೆಸರು ಕೇಳಲಿಲ್ಲ, ಖರ್ಚು ಕೇಳಲಿಲ್ಲ, ಯಾವ ಆಧಾರದ ಮೇಲೆ ಬಹುಮಾನ ಕೊಟ್ಟಿರಿ ಎಂದೂ ಕೇಳಲಿಲ್ಲ. ಮುಂದಿನ ಸಲ ನಾವು ಮೊದಲು ಕೇಳುವುದು ಅಂಕಪಟ್ಟಿ ಎಲ್ಲಿದೆ ಎಂದು. ಇಲ್ಲ ಎಂದರೆ ಇಲ್ಲ ಎಂದೇ ಬರೆಯುತ್ತೇವೆ.

ನೀವೂ ಕೇಳಿ. ತಟ್ಟೆ ಒಯ್ದು ಇಟ್ಟವರಿಗೆ ಕೇಳುವ ಹಕ್ಕಿದೆ. ಆ ಅಕ್ಕ ಈ ವರ್ಷ ಮತ್ತೆ ನಾಟಿ ಮಾಡಿದ್ದಾರೆ. ಚಪ್ಪಟೆ ಕಾಯಿಯ ವಿಷಯ ಹೇಳಲು ಹೋದಾಗ ಪೂರ್ತಿ ಕೇಳಿಸಿಕೊಂಡು, “ಇಷ್ಟೇನಾ? ಅವತ್ತೇ ಹೇಳಿದ್ರೆ ಏನ್ ಹೋಗ್ತಿತ್ತು ಅವ್ರ್‌ಗೆ” ಅಂದರು. ಆಮೇಲೆ ಮಾತು ನಿಲ್ಲಿಸಿ ಪರದೆ ಇಳಿಸಲು ಹೋದರು. ಆಗಿನ್ನೂ ಸಂಜೆ ನಾಲ್ಕೂವರೆ.